ಕಡಲೆ ಬಣ್ಣ, ಕುರುತ್ ಬಣ್ಣ

"ನೀವೇ ಹೇಳಿ ಉಸ್ತಾ, ಎಡಗಡೇದೋ ಬಲಗಡೇದೋ?"

ಸನೋಬರ್ ಸೊಂಟದ ಮೇಲೆ ಕೈಯಿಟ್ಟುಕೊಂಡು ಗೋಡೆಯ ಮುಂದೆ ನಿಂತಿದ್ದಳು. ಗೋಡೆಯ ಮೇಲೆ ಪಕ್ಕಪಕ್ಕಕ್ಕೆ ಎರಡು ಚೌಕ, ಒಂದೊಂದೂ ತಂದೂರಿನ ರೊಟ್ಟಿಯಷ್ಟು ಅಗಲ. ಎಡಗಡೆಯದು ನೆನೆಸಿದ ಕಾಬೂಲಿ ಕಡಲೆಯ ಬಣ್ಣ. ಬಲಗಡೆಯದು ಕುರುತ್ ಬಣ್ಣ. ಮೊಸರನ್ನು ಉಂಡೆ ಕಟ್ಟಿ ಮಾಳಿಗೆಯ ಮೇಲೆ ಒಣಹಾಕಿದರೆ ನಾಲ್ಕನೇ ದಿನಕ್ಕೆ ಬಿಳಿಯೂ ಅಲ್ಲದ, ಬೂದಿಯೂ ಅಲ್ಲದ ಒಂದು ಬಣ್ಣಕ್ಕೆ ಬರುತ್ತದಲ್ಲ, ಅದು. ಈ ಹೆಸರುಗಳನ್ನು ಇಟ್ಟವನು ಬಣ್ಣದ ಮೇಸ್ತ್ರಿ ನೋರ್ಮತ್ ಉಸ್ತಾನೇ. ಅಂಗಡಿಯವರು ಬಣ್ಣಕ್ಕೆ ನಂಬರ್ ಹೇಳುತ್ತಾರೆ. ಉಸ್ತಾ ತಿಂಡಿಯ ಹೆಸರು ಹೇಳುತ್ತಾನೆ.

ಅವನಿಗೆ ಕಾಣಿಸುತ್ತಿದ್ದದ್ದು ಮಾತ್ರ ಒಂದೇ ಒಂದು ಉದ್ದನೆಯ ಪಟ್ಟಿ. ಎರಡು ರೊಟ್ಟಿಯನ್ನು ಒತ್ತಿಗೆ ಇಟ್ಟು ಮೇಲೆ ಒಂದೇ ಚಹಾ ಚೆಲ್ಲಿದ ಹಾಗೆ.

ಅವನು ತಲೆಯ ಟೋಪಿಯನ್ನು ಹಿಂದಕ್ಕೆ ಸರಿಸಿದ, ಮುಂದಕ್ಕೆ ಸರಿಸಿದ. "ಬಣ್ಣ ಅಂದ್ರೆ ಅವಸರದ ವಿಷಯ ಅಲ್ಲ ತಂಗೀ. ಕಾಲುವೆ ಪಕ್ಕದ ಚಹಾದಂಗಡಿ ಗೊತ್ತಲ್ಲ? ಅದರ ಚಾವಣಿಗೆ ನಾನು ಒಂದು ಸಲ ನೀಲಿ ಹೊಡೆದೆ. ಹೇಗಿತ್ತು ಅಂತೀಯಾ, ಬೆಟ್ಟದ ಮೇಲಿನ ಹಿಮದ ನೆರಳು ಇರುತ್ತಲ್ಲ, ಆ ನೀಲಿ. ಆಗಸ್ಟ್ ತಿಂಗಳು, ಹೊರಗೆ ಕತ್ತೆಗಳು ನೆರಳಿಗೆ ಜಗಳ ಆಡ್ತಿವೆ. ಒಳಗೆ ಕೂತವರಿಗೆ ಹಲ್ಲು ಕಟಕಟ. ಕೊನೆಗೆ ಅಂಗಡಿಯವನು ಒಲೆ ಹಚ್ಚಿದ, ಹತ್ತಿ ಕೋಟು ಬಾಡಿಗೆಗೆ ಕೊಟ್ಟ."

"ಅದನ್ನ ನಾನು ಮದುವೆ ಆಗಿ ಬಂದ ವರ್ಷದಿಂದ ಕೇಳ್ತಿದ್ದೀನಿ. ಆಗ ಬರೀ ಶಾಲು ಬಾಡಿಗೆಗೆ ಕೊಟ್ಟಿದ್ದ. ಈಗ ಕೋಟಿಗೆ ಬಂದಿದೆ. ಎಡಗಡೇದೋ ಬಲಗಡೇದೋ?"

ಸನೋಬರಳ ಅವಸರಕ್ಕೂ ಕಾರಣವಿತ್ತು. ಮಗನ ಮದುವೆಗೆ ಇನ್ನು ಎಂಟು ದಿನ. ಗೋಡೆ ಗಂಡಿನ ಕಡೆಯವರದು, ಗೋಡೆಯೊಳಗಿನ ಸಕಲವೂ ಹೆಣ್ಣಿನ ಕಡೆಯವರದು. ಪರದೆ, ಪೆಟ್ಟಿಗೆ, ಕೌದಿ, ಬಟ್ಟಲು, ಎಲ್ಲ. ಗುರುವಾರ ಹೆಣ್ಣಿನ ಕಡೆಯ ಹೆಂಗಸರು ಬಂದು ಕೋಣೆ ಜೋಡಿಸುತ್ತಾರೆ, ಜೋಡಿಸುವಾಗ ಗೋಡೆ ನೋಡುತ್ತಾರೆ. ಪರದೆಯ ಬಟ್ಟೆಯ ಗೇಣಗಲದ ತುಂಡೊಂದನ್ನು ಮೊದಲೇ ಕಳಿಸಿದ್ದರು, ಆಲಿವ್ ಎಲೆಯ ಹಿಂಬದಿಯಂಥ ಹಸಿರು. ಗೋಡೆ ಅದಕ್ಕೆ ಒಪ್ಪಬೇಕು. ಒಪ್ಪದಿದ್ದರೆ ಮದುವೆಯೇನೂ ನಿಲ್ಲುವುದಿಲ್ಲ, ಜನರ ಮಾತು ಮಾತ್ರ ಉಳಿದುಬಿಡುತ್ತದೆ. ಸನೋಬರ್ ಸೊಸೆಯಾಗಿ ಈ ಮನೆಗೆ ಬಂದಾಗ ಅವಳ ಸೋದರತ್ತೆ ಈ ಗೋಡೆಗಳನ್ನು ನೋಡಿ "ಕರುವಿನ ನಾಲಿಗೆ ಇದ್ದ ಹಾಗಿದೆ" ಅಂದಿದ್ದಳು. ಮೂವತ್ತು ವರ್ಷವಾಯಿತು, ಗೋಡೆಗೆ ಆರು ಸಲ ಬಣ್ಣವಾಯಿತು, ಬೀದಿಯಲ್ಲಿ ಇವತ್ತಿಗೂ ಇದು ಕರುವಿನ ನಾಲಿಗೆ ಮನೆಯೇ.

"ಒಣಗಲಿ," ಅಂದ ನೋರ್ಮತ್. "ಹಸಿ ಬಣ್ಣ ಸುಳ್ಳು ಹೇಳುತ್ತೆ."

"ಬಣ್ಣಾನಾ?" ಅಂದಳು ಸನೋಬರ್.

ನೋರ್ಮತನಿಗೆ ಅರವತ್ತಮೂರು. ಹುಟ್ಟುವಾಗ ಕತ್ತಿನ ಮೇಲೆ ದಾಳಿಂಬೆ ಕಾಳಿನಂಥ ಕೆಂಪು ಮಚ್ಚೆ, ಅಲ್ಲಿಯವರ ಮಾತಿನಲ್ಲಿ 'ನೋರ್', ಇತ್ತೆಂದು ಆ ಹೆಸರು. ಮಾರ್ಗಿಲಾನಿನ ಅರ್ಧ ಊರಿಗೆ ಬಣ್ಣ ಹೊಡೆದವನು. ಲೋಟದಲ್ಲಿನ ಹಾಲು ನೋಡಿ ಯಾರ ಮನೆಯ ಹಸುವಿನದೆಂದು ಹೇಳುತ್ತಾನೆ ಎಂಬ ಖ್ಯಾತಿ ಅವನಿಗಿತ್ತು. ಆ ಖ್ಯಾತಿಯನ್ನು ಹಬ್ಬಿಸಿದವನೂ ಅವನೇ. ಆದರೆ ಈ ವಸಂತದಿಂದೀಚೆಗೆ ಅವನ ಎರಡೂ ಕಣ್ಣಿಗೆ ಯಾರೋ ಎಣ್ಣೆ ಕಾಗದ ಅಂಟಿಸಿದಂತಾಗಿತ್ತು. ಬಿಳಿಯದೆಲ್ಲ ಬೆಣ್ಣೆಯಾಯಿತು. ನೀಲಿ ಹಸಿರಿಗೆ ತಿರುಗಿತು. ಕೆಂಪೊಂದು ಮಾತ್ರ ಕೈಬಿಟ್ಟಿರಲಿಲ್ಲ. ಹೆಂಡತಿಗೂ ಅವನು ಹೇಳಿರಲಿಲ್ಲ. ಬೆಳಿಗ್ಗೆ ಒಬ್ಬರಿಗೆ ಹೇಳಿದರೆ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಇಡೀ ಪೇಟೆಗೆ ಗೊತ್ತಾಗುತ್ತದೆ. ಆಮೇಲೆ ನೋರ್ಮತ್ ಉಸ್ತಾನನ್ನು ಕೋಳಿಗೂಡಿಗೆ ಸುಣ್ಣ ಬಳಿಯಲೂ ಯಾರೂ ಕರೆಯುವುದಿಲ್ಲ. ಹಾಗಾಗಿ ಈಗ ಬಣ್ಣ ಅವನ ಕಣ್ಣಲ್ಲಿರಲಿಲ್ಲ, ಚಮಚದಲ್ಲಿತ್ತು. ಒಂದು ಬಕೆಟ್ ಬಿಳಿಗೆ ಹಳದಿ ಮಣ್ಣಿನ ಪುಡಿ ಮೂರು ಚಮಚ ಹಾಕಿದರೆ ಕಡಲೆ. ಮಣ್ಣು ಒಂದು, ಮಸಿ ಒಂದು ಚಿಟಿಕೆ ಹಾಕಿದರೆ ಕುರುತ್. ಬೆರೆಸುವಾಗ ತುಟಿಯಲ್ಲಿ ಎಣಿಸುತ್ತಿದ್ದ. ನೋಡಿದವರು ದುವಾ ಮಾಡುತ್ತಿದ್ದಾನೆ ಅಂದುಕೊಳ್ಳುತ್ತಿದ್ದರು.

ಅಂಗಳದ ದ್ರಾಕ್ಷಿ ಚಪ್ಪರದ ಕೆಳಗಿನ ಹಲಗೆ ಮಂಚದ ಮೇಲೆ ಸನೋಬರಳ ಅತ್ತೆ ತೋಜಿಖಾನ್ ಅಜ್ಜಿ ಕೌದಿ ಹೊಲಿಯುತ್ತ ಕೂತಿದ್ದಳು. ಎಂಬತ್ತನಾಲ್ಕು ವರ್ಷ, ಅದರಲ್ಲಿ ನಲವತ್ತು ವರ್ಷ ರೇಷ್ಮೆ ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಅದ್ದಿದ ಕೈ. ನೋರ್ಮತನ ತಾಯಿಯೂ ಅದೇ ಕಾರ್ಖಾನೆಯಲ್ಲಿ, ಅದೇ ಕೊಪ್ಪರಿಗೆಯ ಇನ್ನೊಂದು ಬದಿಗೆ ಇದ್ದವಳು. ಹಾಗಾಗಿ ಅವನಿಗೆ ಈಕೆ ಚಿಕ್ಕಮ್ಮ.

"ಅತ್ತೇ, ಸ್ವಲ್ಪ ಬಂದು ನೋಡಿ. ಈ ಮನುಷ್ಯ ಆಗಸ್ಟ್ ತಿಂಗಳಿಂದ ಈಚೆಗೆ ಬರ್ತಾ ಇಲ್ಲ."

ಅಜ್ಜಿ ಬಂದಳು. ಬಾಗಿಲಲ್ಲೇ ನಿಂತು ನೋಡಿದಳು. ಪರದೆಯ ತುಂಡನ್ನು ಒಂದು ಸಲ ಎಡಕ್ಕೆ ಹಿಡಿದಳು, ಒಂದು ಸಲ ಬಲಕ್ಕೆ.

"ಕಡಲೆ," ಅಂದಳು. "ಕುರುತ್ ಹೊಡೆದ್ರೆ ಪರದೆಗೆ ಜ್ವರ ಬಂದ ಹಾಗೆ ಕಾಣುತ್ತೆ."

"ನಾನೂ ಅದನ್ನೇ ಹೇಳೋಣ ಅಂತಿದ್ದೆ ಚಿಕ್ಕಮ್ಮ," ಅಂದ ನೋರ್ಮತ್.

"ಹೇಳಬೇಕಿತ್ತು. ನಿನ್ನ ಬಾಯಿಗೇನು ಬೀಗ ಹಾಕಿರಲಿಲ್ಲವಲ್ಲ."

ಚಹಾ ಬಂತು. ಅಜ್ಜಿ ಮತ್ತೆ ಕೌದಿ ಎತ್ತಿಕೊಂಡು, "ಆ ಬುಟ್ಟೀಲಿ ನೀಲಿ ದಾರದ ಉಂಡೆ ಇದೆ, ಕೊಡು," ಅಂದಳು. ನೋರ್ಮತ್ ಬುಟ್ಟಿಯಲ್ಲಿ ಕೈಯಾಡಿಸಿದ. ದಾರದ ಉಂಡೆ ಐದಾರು ಇದ್ದವು. ಕೆಂಪನ್ನು ಬಿಟ್ಟ. ಉಳಿದವುಗಳಲ್ಲಿ ಒಂದನ್ನು ಧೈರ್ಯವಾಗಿ ಎತ್ತಿ ಕೊಟ್ಟ. ಅಜ್ಜಿ ಅದನ್ನು ನೋಡಿದಳು. ಅವನ ಮುಖ ನೋಡಿದಳು. ಮತ್ತೆ ದಾರ ನೋಡಿದಳು. ಆಮೇಲೆ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸಿದಳು, ನೀಲಿ ಹೂವಿನ ಕೌದಿಯ ಒಂದು ಸಾಲನ್ನು ಪಾಚಿ ಹಸಿರು ದಾರದಲ್ಲಿ ಹೊಲಿದಳು.

"ಇತ್ತೀಚೆಗೆ ಯಾಕೋ ಟೋಪೀನ ತುಂಬಾ ಮುಂದಕ್ಕೆ ಎಳ್ಕೊಂಡಿರ್ತೀಯ," ಅಂದಳು.

"ಬಿಸಿಲು ಚಿಕ್ಕಮ್ಮ."

"ಅಕ್ಟೋಬರ್ ಬಿಸಿಲು."

"ಅಕ್ಟೋಬರ್ ಬಿಸಿಲು ಬಲು ಕೆಟ್ಟದ್ದು. ನಮ್ಮ ಸೋದರಮಾವ ಒಬ್ಬ ಇದ್ದ…"

"ಚಹಾ ಕುಡಿ," ಅಂದಳು ಅಜ್ಜಿ.

ಮರುದಿನ, ಬುಧವಾರ, ಬೆಳಿಗ್ಗೆ ಏಳಕ್ಕೆ ನೋರ್ಮತ್ ಸೈಕಲ್ಲಿನಲ್ಲಿ ಬಂದ. ಬಕೆಟ್ ಮೂರು. ಎರಡರಲ್ಲಿ ಕಡಲೆ, ಒಂದರಲ್ಲಿ ಕುರುತ್. ಕುರುತ್ ಬೇಡವಾಯಿತಲ್ಲ, ಅದನ್ನು ಸ್ನಾನಗೃಹದ ಪಕ್ಕದ ಕ್ಷೌರದಂಗಡಿಯವನು ತನಗಿರಲಿ ಅಂದಿದ್ದ, ಇಲ್ಲಿಯ ಕೆಲಸ ಮುಗಿದ ಮೇಲೆ ಕೊಡಬೇಕಿತ್ತು. ಮೂರೂ ಒಂದೇ ತರದ ಬಿಳಿ ಪ್ಲಾಸ್ಟಿಕ್ ಬಕೆಟ್ಟುಗಳು. ಮೊದಲ ಕಡಲೆ ಬಕೆಟ್ಟು ಮೂರು ಗೋಡೆಗೆ ಸರಿಹೋಯಿತು. ಕಿಟಕಿಯ ಗೋಡೆಯನ್ನು ಅವನು ಯಾವಾಗಲೂ ಕೊನೆಗೆ ಇಟ್ಟುಕೊಳ್ಳುತ್ತಿದ್ದ. ಅದಕ್ಕೆ ಎರಡನೇ ಕಡಲೆ ಬಕೆಟ್ಟನ್ನು ಬಾಗಿಲ ಕಡೆಗೆ ಇಟ್ಟು, ಅದರ ಹಿಡಿಗೆ ಒಂದು ಕೆಂಪು ಚಿಂದಿ ಕಟ್ಟಿದ. ಗಂಟನ್ನು ಎರಡು ಸಲ ಬಿಗಿದ. ಕೆಂಪು ತನ್ನ ಕೈಬಿಟ್ಟಿಲ್ಲ, ಅದೊಂದಿದ್ದರೆ ಸಾಕು. ಹಿಂದಿನ ಬೀದಿಯಲ್ಲಿ ಒಬ್ಬರು ಪಲಾವಿಗೆ ಕರೆದಿದ್ದರು. ಕೈ ತೊಳೆದು ಹೋದ.

ಅವನು ಹೋದ ಮೇಲೆ ಅಜ್ಜಿ ಕಸಪೊರಕೆ ಹಿಡಿದು ಕೋಣೆಗೆ ಬಂದಳು.

ಮದುಮಕ್ಕಳ ಕೋಣೆಯಲ್ಲಿ ಮದುವೆಗೆ ಮುಂಚೆ ಗಂಟು ಇರಬಾರದು. ಒಂದೇ ಒಂದು ಗಂಟು, ಬೇಕೆಂದೇ ಕಟ್ಟಿದ್ದೋ ಮರೆತು ಬಿಟ್ಟಿದ್ದೋ, ಮದುಮಗನನ್ನು ಕಟ್ಟಿಹಾಕುತ್ತದೆ. ಕುಂಬಾರರ ಕೇರಿಯಲ್ಲಿ ಒಬ್ಬ ಹುಡುಗ ಹಾಗೆ ಮೂರು ತಿಂಗಳು ಹೆಂಡತಿಯ ಕಡೆ ಬೆನ್ನು ಮಾಡಿ ಮಲಗಿದ್ದ. ಕೊನೆಗೆ ನೋಡಿದರೆ ಜಂತಿಯ ಸಂದಿಯಲ್ಲಿ ಗಂಟು ಹಾಕಿದ ಸೆಣಬಿನ ದಾರವೊಂದು ಸಿಕ್ಕಿತು. ಅಜ್ಜಿಗೆ ಈ ವಿಷಯದಲ್ಲಿ ಯಾರ ಮುಲಾಜೂ ಇರಲಿಲ್ಲ. ಸೋಮವಾರ ವಿದ್ಯುತ್ ತಂತಿ ಸರಿಮಾಡಲು ಬಂದವನ ಬೂಟಿನ ಲಾಡಿ ಬಿಚ್ಚಿಸಿ, ಬರಿಗಾಲಲ್ಲಿ ಏಣಿ ಹತ್ತಿಸಿದ್ದಳು.

ಬಕೆಟ್ಟಿನ ಹಿಡಿಯ ಮೇಲೆ ಕೆಂಪು ಗಂಟು ಕಂಡಾಗ ಅವಳು ಪೊರಕೆ ಕೆಳಗಿಟ್ಟಳು. "ಈ ನೋರ್ಮತನಿಗೆ ಬುದ್ಧಿ ಯಾವಾಗ ಬರುತ್ತೋ," ಎಂದು ಗೊಣಗುತ್ತ, ಉಗುರು ಹಾಕಿ, ಹಲ್ಲು ಹಾಕಿ ಬಿಚ್ಚಿದಳು. ಚಿಂದಿಯನ್ನು ಒಗೆಯುವ ಬಟ್ಟೆಗೆ ಸೇರಿಸಿದಳು. ಬಕೆಟ್ಟುಗಳನ್ನು ಕಾಲಿನಲ್ಲಿ ಆಚೆ ಈಚೆ ತಳ್ಳಿ ನೆಲ ಗುಡಿಸಿದಳು. ಆಮೇಲೆ ಹೋಗಿ ಚಪ್ಪರದ ಕೆಳಗೆ ಮಲಗಿದಳು.

ನೋರ್ಮತ್ ಎರಡು ಗಂಟೆಗೆ ವಾಪಸು ಬಂದ. ಕೋಣೆಯಲ್ಲಿ ಒಂದು ಖಾಲಿ ಬಕೆಟ್ಟು, ಎರಡು ತುಂಬಿದ ಬಕೆಟ್ಟು. ಕೆಂಪಿಲ್ಲ.

ನೆಲದ ಮೇಲೆ ಹುಡುಕಿದ. ಜೇಬಿನಲ್ಲಿ ಹುಡುಕಿದ. ಕಿಟಕಿಯಿಂದ ನೋಡಿದರೆ, ಅಂಗಳದ ತಂತಿಯ ಮೇಲೆ ಅಂಗಿ, ಲಂಗಗಳ ನಡುವೆ ಅವನ ಚಿಂದಿ ಒಗೆಸಿಕೊಂಡು ಶುಭ್ರವಾಗಿ ತೂಗುತ್ತಿತ್ತು.

ಬಕೆಟ್ಟುಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ಎರಡಕ್ಕೂ ಬೆರಳು ಅದ್ದಿ, ಎರಡೂ ಬೆರಳನ್ನು ಬೆಳಕಿಗೆ ಹಿಡಿದ. ಅವಳಿ ಮಕ್ಕಳ ಹಾಗಿದ್ದವು. ಮೂಸಿದ. ಎತ್ತಿ ತೂಗಿದ. ಮಸಿಯಿರುವುದು ಸ್ವಲ್ಪ ಜಿಗುಟಿರಬೇಕೆಂದು ಬೆರಳುಗಳ ನಡುವೆ ಉಜ್ಜಿ ನೋಡಿದ. ಒಂದು ಚಿಟಿಕೆ ಮಸಿಯಿಂದ ಒಂದು ಬಕೆಟ್ಟಿಗೆ ಏನು ಜಿಗುಟು ಬಂದೀತು? ಬಾಗಿಲಿಗೆ ಬಂದು ಅಜ್ಜಿಯ ಕಡೆ ನೋಡಿದ. ಎಬ್ಬಿಸಿ, "ಚಿಕ್ಕಮ್ಮ, ಇದರಲ್ಲಿ ಕಡಲೆ ಯಾವುದು?" ಅನ್ನಬಹುದಿತ್ತು. ನಾಲ್ಕೇ ಮಾತು. ಬಾಯಿ ತೆರೆದ. ಆ ಬಾಯಿಯಿಂದ ಸುಳ್ಳುಗಳು ಸಾವಿರಗಟ್ಟಲೆ ಹಾಯಾಗಿ ಹೊರಟಿದ್ದವು, ಈ ನಾಲ್ಕು ಮಾತು ಹೊರಡಲಿಲ್ಲ.

ಕಡಲೆಯನ್ನು ಬಾಗಿಲ ಕಡೆಗೆ ಇಟ್ಟಿದ್ದ ನೆನಪಿತ್ತು. ಬಾಗಿಲ ಕಡೆ ಇದ್ದ ಬಕೆಟ್ಟನ್ನು ಎಳೆದುಕೊಂಡು, ಬಿಸ್ಮಿಲ್ಲಾ ಅಂದು ಕುಂಚ ಅದ್ದಿದ. ಕೈಗೆ ಕಣ್ಣಿನ ಹಂಗಿರಲಿಲ್ಲ. ಕಿಟಕಿಯ ಚೌಕಟ್ಟಿನ ಸುತ್ತ, ಮೂಲೆಗಳಲ್ಲಿ, ಚಾವಣಿಯ ಅಂಚಿನಲ್ಲಿ ಗೆರೆ ದಾರ ಹಿಡಿದ ಹಾಗೆ ನೇರವಾಗಿ ಬಂತು. ಸಂಜೆ ಸನೋಬರ್ ಬಂದು ದೀಪ ಹಾಕಿ ನೋಡಿದಳು. ಹಳದಿ ದೀಪದಲ್ಲಿ ನಾಲ್ಕೂ ಗೋಡೆ ಒಂದೇ ತರ ಬೆಚ್ಚಗಿದ್ದವು. "ನಿಮ್ಮ ಕೈ ಅಂದ್ರೆ ಕೈ ಉಸ್ತಾ," ಅಂದಳು.

ಗುರುವಾರ ಬೆಳಿಗ್ಗೆ ಸಾಮಾನು ಒಯ್ಯಲು ನೋರ್ಮತ್ ಬಂದಾಗ ಅಜ್ಜಿ ಕೋಣೆಯೊಳಗೆ ಒಬ್ಬಳೇ ನಿಂತಿದ್ದಳು.

"ಬಾಗಿಲು ಹಾಕ್ಕೋ," ಅಂದಳು. "ಕಿಟಕಿ ಗೋಡೆಗೆ ಕುರುತ್ ಹೊಡೆದಿದ್ದೀಯಲ್ಲ."

ನೋರ್ಮತ್ ಗೋಡೆ ನೋಡಿದ. ಗೋಡೆ ಗೋಡೆಯ ಹಾಗೆಯೇ ಇತ್ತು.

"ಅದಾ? ಅದು ಬೇಕಂತಲೇ ಚಿಕ್ಕಮ್ಮ. ಈಗ ಸಮರ್ಕಂದಿನಲ್ಲೆಲ್ಲ ಹಾಗೇ…"

"ಲೋ. ನಾನು ನಿನ್ನ ಅಮ್ಮನ ಜೊತೆ ಒಂದೇ ಕೊಪ್ಪರಿಗೆ ಹೊಗೆ ಕುಡಿದವಳು. ನನಗೆ ಸಮರ್ಕಂದ್ ಹೇಳಬೇಡ."

ಅವನು ಟೋಪಿಯನ್ನು ಮುಂದಕ್ಕೆ ಎಳೆದುಕೊಂಡ.

"ನೀಲಿ ಕೇಳಿದ್ರೆ ಹಸಿರು ಕೊಟ್ಟೆ. ಎಷ್ಟು ದಿನದಿಂದ?"

"ನವ್ರೋಜ್ ಹಬ್ಬದಿಂದ, ವಸಂತ ಬಂದಾಗಿನಿಂದ," ಅಂದ. "ಗುರುತಿಗೆ ಚಿಂದಿ ಕಟ್ಟಿಟ್ಟಿದ್ದೆ. ಅದು ತಂತಿ ಮೇಲಿತ್ತು."

ಅಜ್ಜಿಯ ಕೈ ಬಾಯಿಗೆ ಹೋಯಿತು. "ಅದು ಗುರುತಾ?"

"ಮತ್ತಿನ್ನೇನು, ಬಕೆಟ್ಟಿಗೆ ಶೃಂಗಾರ ಮಾಡಿದ್ನಾ?"

ಅಜ್ಜಿ ಕಿಟಕಿಯ ಕಟ್ಟೆಯ ಮೇಲೆ ಕೂತಳು. ಅವಳ ಬಿಳಿ ತಲೆವಸ್ತ್ರದ ಹಿಂದೆ ಅಂಗಳದ ಬೆಳಕಿತ್ತು. "ನಾನು ಕೆಲಸ ಬಿಡೋಕೆ ಮುಂಚೆ ಒಂದು ಹಾಸು ನೂಲು ಅದ್ದಿದೆ," ಅಂದಳು. "ನೀಲಿ ಮೇಲೆ ಹಳದಿ ಹಾಯಿಸೋದು. ನನ್ನ ಕಣ್ಣಲ್ಲಿ ಅದು ಪಿಸ್ತಾ ಹಸಿರು. ನೇಯ್ದರು, ಮಾರುಕಟ್ಟೆಗೆ ಹೋಯಿತು, ಹೆಂಗಸರು ಮುಗಿಬಿದ್ದು ತಗೊಂಡ್ರು. ತೋಜಿಖಾನ್ ಹೊಸ ಬಣ್ಣ ಕಂಡುಹಿಡಿದಳು ಅಂದ್ರು. ನಾನು ಆರು ವರ್ಷ ಎದೆ ಉಬ್ಬಿಸಿ ಓಡಾಡಿದೆ. ಆಮೇಲೆ ಕಣ್ಣಿನ ಪೊರೆ ತೆಗೆಸ್ಕೊಂಡೆನಲ್ಲ, ಪಟ್ಟಿ ಬಿಚ್ಚಿದ ಮರುದಿನ ಪೆಟ್ಟಿಗೆಯಿಂದ ಅದರ ತುಂಡು ತೆಗೆದು ನೋಡಿದೆ. ಗಾಯ ಕೀವಾದ ಬಣ್ಣ. ನಾಯಿ ಮೈಮೇಲೆ ಹೊದಿಸೋಕೂ ಆಗದ ಬಣ್ಣ."

"ಜನ ತಗೊಂಡ್ರಲ್ಲ."

"ತಗೊಂಡ್ರು. ಪಕ್ಕದಲ್ಲಿ ನಿಂತವರಿಗೆ ಗೊತ್ತಿತ್ತು, ಹೇಳಲಿಲ್ಲ. ಪಾಪ ಅಂದ್ಕೊಂಡ್ರು. ನನಗೆ ಆ ಪಾಪ ಇವತ್ತಿಗೂ ಜೀರ್ಣ ಆಗಿಲ್ಲ." ಅಜ್ಜಿ ಎದ್ದಳು. "ಸೋಮವಾರ ನಾನು ಕಣ್ಣು ತೋರಿಸೋಕೆ ಫರ್ಗಾನಾಕ್ಕೆ ಹೋಗ್ತೀನಿ. ಎಂಟು ಗಂಟೆ ಬಸ್ಸು. ನೀನೂ ಬಾ."

"ಕಣ್ಣಿಗೆ ಚಾಕು ಹಾಕ್ತಾರಂತೆ."

"ಹಾಕ್ತಾರೆ. ಹತ್ತು ನಿಮಿಷ. ನೀನು ಒಂದು ಕಥೆ ಶುರು ಮಾಡೋದ್ರೊಳಗೆ ಮುಗಿದಿರುತ್ತೆ."

ನೋರ್ಮತ್ ಬಾಗಿಲ ಕಡೆ ತಿರುಗಿದ. "ಈಗ ಕುಂಚ ತರ್ತೀನಿ. ಒಂದು ಗಂಟೆ ಸಾಕು, ಇದರ ಮೇಲೆ ಕಡಲೆ…" ಅಂದ.

ಹೊರಗೆ ಲಾರಿ ನಿಂತ ಸದ್ದಾಯಿತು. ಆಮೇಲೆ ಎಂಟು ಹೆಂಗಸರ ಸದ್ದು.

ಮುಂದಿದ್ದವಳು ಹುಡುಗಿಯ ಸೋದರತ್ತೆ ಕಾಮಿಲಾ. ಬಾಯಲ್ಲಿ ಎರಡು ಚಿನ್ನದ ಹಲ್ಲು, ಹೆಗಲ ಮೇಲೆ ಪರದೆಯ ಸುರುಳಿ. ಪರದೆ ಹೊಲಿಯುವುದೇ ಅವಳ ಕಸುಬು. ಫರ್ಗಾನಾದ ದೊಡ್ಡವರ ಮನೆಗಳ ಕಿಟಕಿಗಳೆಲ್ಲ ಅವಳಿಗೆ ಗೊತ್ತು, ಕಿಟಕಿಯೊಳಗಿನ ವಿಷಯಗಳೂ ಗೊತ್ತು. ಚಪ್ಪಲಿ ಬಿಟ್ಟು ಕೋಣೆಯ ನಡುವೆ ಬಂದು ನಿಂತಳು. ಉಳಿದವರು ಹಿಂದೆ ನಿಂತರು. ಸನೋಬರ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನೋರ್ಮತ್ ಮೂಲೆಯಲ್ಲಿ ಬಕೆಟ್ಟುಗಳ ಪಕ್ಕ ಇನ್ನೊಂದು ಬಕೆಟ್ಟಿನ ಹಾಗೆ ನಿಂತ.

ಕಾಮಿಲಾ ಒಂದು ಸುತ್ತು ತಿರುಗಿದಳು. ಕಿಟಕಿಯ ಗೋಡೆಯ ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿದಳು. ಹಿಂದಕ್ಕೆ ಬಂದು ಒಂದು ಕಣ್ಣು ಮುಚ್ಚಿ ನೋಡಿದಳು.

"ಬೀಗಿತ್ತೀ, ಇದನ್ನ ಯಾರು ಮಾಡಿದ್ದು?"

"ನಮ್ಮ ಉಸ್ತಾ," ಅಂದಳು ಸನೋಬರ್. "ಯಾಕೆ?"

"ಕಿಟಕಿ ಇರೋ ಗೋಡೆ ಯಾವಾಗಲೂ ಕತ್ತಲಾಗಿ ಕಾಣುತ್ತೆ. ಬೆಳಕು ಕಿಟಕಿಯಿಂದ ಕಣ್ಣಿಗೆ ಬರುತ್ತೆ, ಗೋಡೆ ಮಾತ್ರ ಮಂಕಾಗಿ ನಿಂತುಬಿಡುತ್ತೆ. ಇವರು ಅದೊಂದಕ್ಕೇ ಕೂದಲೆಳೆಯಷ್ಟು ತಿಳಿ ಬಣ್ಣ ಹೊಡೆದಿದ್ದಾರೆ. ನೋಡಿ, ನಾಲ್ಕೂ ಈಗ ಒಂದೇ ಸಮ ಕಾಣುತ್ತೆ. ನನ್ನ ಪರದೇನೂ ಎದ್ದು ನಿಲ್ಲುತ್ತೆ. ಇಪ್ಪತ್ತು ವರ್ಷದಲ್ಲಿ ಈ ಕೆಲಸ ಒಬ್ಬರೂ ಮಾಡಿದ್ದು ಕಂಡಿಲ್ಲ. ಹೇಳಿದ್ರೂ ಮಾಡಲ್ಲ."

ಹೆಂಗಸರು ಗೋಡೆಯ ಹತ್ತಿರ ಹೋದರು, ದೂರ ಬಂದರು, ಒಂದೊಂದು ಕಣ್ಣು ಮುಚ್ಚಿದರು. ಸನೋಬರ್ ಚೌಕಟ್ಟನ್ನು ಬಿಟ್ಟಳು. ಮೂವತ್ತು ವರ್ಷದ ಕರುವಿನ ನಾಲಿಗೆ ಅವಳ ಹೆಗಲಿಂದ ಇಳಿದದ್ದು ನೋಡಿದವರಿಗೆ ಗೊತ್ತಾಗುವಂತಿತ್ತು.

ಕಾಮಿಲಾ ನೋರ್ಮತನ ಕಡೆ ತಿರುಗಿದಳು. "ಉಸ್ತಾ, ನಮ್ಮಣ್ಣ ಫರ್ಗಾನಾದಲ್ಲಿ ಅತಿಥಿಗೃಹ ಕಟ್ಟಿಸ್ತಿದ್ದಾನೆ. ಹನ್ನೆರಡು ಕೋಣೆ, ಕೋಣೆಗೊಂದು ಬಣ್ಣ. ಎಲ್ಲ ಇಂಥ ಮೆತ್ತನೆ ಬಣ್ಣಗಳೇ ಬೇಕು, ಒಂದಕ್ಕೊಂದು ಅಕ್ಕತಂಗಿ ಹಾಗಿರಬೇಕು ಅಂತಾನೆ. ಅಂಥ ಕಣ್ಣಿರೋ ಮನುಷ್ಯ ಇಡೀ ಫರ್ಗಾನಾ ಕಣಿವೇಲಿ ಸಿಕ್ಕಿಲ್ಲ. ಸೋಮವಾರ ಬಂದು ನೋಡ್ತೀರಾ?"

ಹನ್ನೆರಡು ಕೋಣೆ ಅಂದರೆ ಚಳಿಗಾಲ ಕಳೆದು ಮುಂದಿನ ಬೇಸಿಗೆಯವರೆಗೆ ಕೆಲಸ. ನೋರ್ಮತನ ಬಾಯಲ್ಲಿ ಮಾತು ತಾನಾಗಿ ಬಂದು ನಿಂತಿತ್ತು. ಕಿಟಕಿಯ ಗೋಡೆಯ ವಿದ್ಯೆ ತನಗೆ ಎಲ್ಲಿ ಸಿಕ್ಕಿತು, ಬುಖಾರಾದ ಯಾವ ಮುದುಕ ಸಾಯುವಾಗ ಕಿವಿಯಲ್ಲಿ ಹೇಳಿದ, ಅವನ ಗಡ್ಡ ಎಷ್ಟುದ್ದವಿತ್ತು, ಎಲ್ಲ ಸಿದ್ಧವಾಗಿತ್ತು. ಗಡ್ಡದ ತನಕ ಬಂದಾಗ ಅವನ ಕಣ್ಣು ಅಜ್ಜಿಯ ಮೇಲೆ ಬಿತ್ತು. ಅಜ್ಜಿ ಅವನನ್ನು ನೋಡುತ್ತಿರಲಿಲ್ಲ. ತನ್ನ ಎರಡು ಕೈಗಳನ್ನು ನೋಡುತ್ತಿದ್ದಳು. ಉಗುರಿನ ಬುಡದಲ್ಲಿ ನಲವತ್ತು ವರ್ಷದ ಬಣ್ಣ ಇನ್ನೂ ಇತ್ತು.

"ನನಗೆ ಆ ಎರಡು ಬಣ್ಣ ಬೇರೆಬೇರೆ ಕಾಣಲ್ಲ," ಅಂದ ನೋರ್ಮತ್.

ಹೆಂಗಸರು ಗೋಡೆ ಬಿಟ್ಟು ಅವನ ಕಡೆ ತಿರುಗಿದರು.

"ಬಕೆಟ್ಟು ಅದಲುಬದಲಾಯಿತು. ಕಣ್ಣಿಗೆ ಪೊರೆ ಬಂದಿದೆ. ಕೈಗೆ ಸಿಕ್ಕಿದ್ದನ್ನ ಹೊಡೆದೆ."

ಮೊದಲು ನಕ್ಕವಳು ಕಾಮಿಲಾ. ಚಿನ್ನದ ಎರಡು ಹಲ್ಲೂ ಹೊಳೆದವು. ಆಮೇಲೆ ಎಲ್ಲರೂ ನಕ್ಕರು. ಕೌದಿ ಹೊತ್ತುಕೊಂಡಿದ್ದ ದಪ್ಪ ಹೆಂಗಸೊಬ್ಬಳು ಕೌದಿಯ ಸಮೇತ ಗೋಡೆಗೆ ಒರಗಿ ನಕ್ಕಳು.

"ನಾನು ಹೇಳಲಿಲ್ವಾ," ಅಂದಳು ಸನೋಬರ್ ಕಣ್ಣೊರೆಸಿಕೊಳ್ಳುತ್ತ, "ಈ ಉಸ್ತಾ ಹೀಗೇ. ಇವರ ಬಾಯಲ್ಲಿ ಒಂದು ನಿಜ ಕೇಳಿದವರಿಲ್ಲ."

"ಅಲ್ಲ, ನಿಜವಾಗ್ಲೂ," ಅಂದ ನೋರ್ಮತ್. "ನಿಮ್ಮ ಪರದೆ ಯಾವ ಬಣ್ಣ ಅಂತಾನೂ ನನಗೆ ಗೊತ್ತಿಲ್ಲ."

ಇನ್ನೂ ಜೋರಾಗಿ ನಕ್ಕರು. "ಪರದೆ ಹೊಲಿದವಳಿಗೂ ಗೊತ್ತಿಲ್ಲ ಬಿಡಿ," ಅಂದಳು ದಪ್ಪ ಹೆಂಗಸು. ಕಾಮಿಲಾ ಅವಳ ಬೆನ್ನಿಗೊಂದು ಗುದ್ದಿದಳು. ನೋರ್ಮತ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಜೀವಮಾನದಲ್ಲಿ ಅವನ ಯಾವ ಕಥೆಗೂ ಜನ ಇಷ್ಟು ನಕ್ಕಿರಲಿಲ್ಲ. ಅಜ್ಜಿ ಮಾತ್ರ ನಗಲಿಲ್ಲ.

"ಹಾಗಾದ್ರೆ ಸೋಮವಾರ," ಅಂದಳು ಕಾಮಿಲಾ.

"ಸೋಮವಾರ ಆಗಲ್ಲ," ಅಂದ ನೋರ್ಮತ್. "ಸೋಮವಾರ ಚಿಕ್ಕಮ್ಮನ ಜೊತೆ ಒಂದು ಕಡೆ ಹೋಗೋದಿದೆ. ಎಂಟು ಗಂಟೆ ಬಸ್ಸಿಗೆ. ನಿಮ್ಮಣ್ಣ ಒಂದೆರಡು ತಿಂಗಳು ಕಾಯೋ ಹಾಗಿದ್ರೆ ನೋಡೋಣ."

"ಇಷ್ಟು ಒಳ್ಳೆ ಉಸ್ತಾಗಳಿಗೆ ಕಾಯಿಸೋ ಚಟ ಇದ್ದೇ ಇರುತ್ತೆ," ಅಂದಳು ಕಾಮಿಲಾ, ಬೇಸರವಿಲ್ಲದೆ.

ಮದುಮಗಳ ಕೋಣೆ ಮಾಡಿಕೊಟ್ಟ ಕೆಲಸಗಾರನ ಸೊಂಟಕ್ಕೆ ಹೆಣ್ಣಿನ ಕಡೆಯವರು ಒಂದು ವಸ್ತ್ರ ಕಟ್ಟಬೇಕು. ಕಾಮಿಲಾ ಚೀಲದಿಂದ ವಸ್ತ್ರ ತೆಗೆದಳು. ಅಜ್ಜಿ ಅಡ್ಡ ಬಂದಳು. "ಇಲ್ಲಿ ಬೇಡ. ಒಳಗೆ ಗಂಟು ಹಾಕಬೇಡಿ." ಎಲ್ಲರೂ ಅಂಗಳಕ್ಕೆ ಬಂದರು. ಚಪ್ಪರದ ಕೆಳಗೆ ನೋರ್ಮತ್ ಎರಡು ಕೈ ಮೇಲೆತ್ತಿ ನಿಂತ, ಕಾಮಿಲಾ ವಸ್ತ್ರ ಸುತ್ತಿ ಗಂಟು ಹಾಕಿದಳು. ಹೆಂಗಸರು ದುವಾ ಮಾಡಿ ಮುಖ ಸವರಿಕೊಂಡು ಪೆಟ್ಟಿಗೆ ಇಳಿಸಲು ಲಾರಿಯ ಕಡೆ ಹೋದರು. ಮತ್ತೆ ಅವರ ನಗು ಕೇಳಿಸಿತು.

ನೋರ್ಮತ್ ಬಕೆಟ್ಟುಗಳನ್ನು ತಂದು ಸೈಕಲ್ಲಿನ ಹಿಡಿಯ ಎರಡು ಕಡೆಗೂ ನೇತುಹಾಕಿದ. ಒಂದು ತುಂಬಿದ್ದು, ಒಂದು ಅರ್ಧ, ಖಾಲಿಯದು ಹಿಂದಿನ ಕ್ಯಾರಿಯರಿನ ಮೇಲೆ. ಅಜ್ಜಿ ಗೇಟಿನ ತನಕ ಬಂದಳು.

"ಕ್ಷೌರದವನಿಗೆ ಅರ್ಧ ಬಕೆಟ್ ಸಾಲುತ್ತಾ?"

"ಬಿಳಿ ಸೇರಿಸಿ ಹೆಚ್ಚು ಮಾಡ್ತೀನಿ."

"ಆಮೇಲೆ ಎರಡೂ ತುಂಬಿ ನಿಲ್ಲುತ್ತೆ. ಯಾವುದು ಅಂತ ಆಗ ಬೆರಳು ನೆಕ್ಕಿ ನೋಡ್ತೀಯಾ?"

ಅವನು ಸೊಂಟದ ವಸ್ತ್ರವನ್ನು ಬಿಚ್ಚಿ, ಹರಡಿ, ಬೆಳಕಿಗೆ ಹಿಡಿದ. ಹತ್ತಿರ ತಂದ, ದೂರ ಹಿಡಿದ.

"ಚಿಕ್ಕಮ್ಮ, ಇದೇನ್ ಬಣ್ಣ?"

ಅಜ್ಜಿ ವಸ್ತ್ರದ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ ನೋಡಿದಳು. "ನೀಲಿ," ಅಂದಳು. "ನಿಮ್ಮಮ್ಮ ನಿನ್ನ ಮದುವೆ ಕೌದಿಗೆ ಒಂದು ನೀಲಿ ಅದ್ದಿದ್ದಳಲ್ಲ, ಅದಕ್ಕಿಂತ ಒಂದು ಮುಳುಗು ಕಮ್ಮಿ."

ಅವನು ತಲೆಯಾಡಿಸಿದ. ಆ ಕೌದಿ ಅವನಿಗೆ ನೆನಪಿತ್ತು.

ಅಜ್ಜಿ ವಸ್ತ್ರವನ್ನು ಅವನ ಕೈಯಿಂದ ತೆಗೆದುಕೊಂಡಳು. ಉದ್ದಕ್ಕೆ ಮಡಿಸಿ ಅರ್ಧ ಬಕೆಟ್ಟಿನ ಹಿಡಿಗೆ ಸುತ್ತಿದಳು. ಒಂದು ಗಂಟು ಹಾಕಿದಳು. ಅದರ ಮೇಲೆ ಇನ್ನೊಂದು ಹಾಕಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿ ಮಾಡಿದಳು.

"ಕುರುತ್," ಅಂದಳು.

ನೋರ್ಮತ್ ಸೈಕಲ್ ತಳ್ಳಿಕೊಂಡು ಹೊರಟ. ಮಣ್ಣಿನ ಗೋಡೆಗಳ ನಡುವಿನ ಓಣಿಯಲ್ಲಿ ವಸ್ತ್ರದ ಎರಡು ತುದಿಗಳು ಅವನ ಮೊಣಕಾಲಿಗೆ ತಾಗುತ್ತ, ಬಿಡುತ್ತ ಹೋದವು. ಓಣಿಯ ತಿರುವಿನಲ್ಲಿ ಅವನು ಒಮ್ಮೆ ನಿಂತ. ಗಂಟು ಇದೆಯೋ ಇಲ್ಲವೋ ಎಂದು ಕೈಯಲ್ಲಿ ಮುಟ್ಟಿ ನೋಡಿಕೊಂಡ.